ಶಿರಾಜಿನಿಂದ ಗೋವೆಗೆ: ರಾಣಿ ಕೆತೆವಾನಳ ಕಥೆ

ಒಬ್ಬ ವ್ಯಕ್ತಿಯ ಜೀವನಚರಿತ್ರೆ ಜನನದಿಂದ ಆರಂಭವಾಗಿ ಮರಣದೊಡನೆ ಮುಗಿಯುವುದು ವಾಡಿಕೆ. ಕೀರ್ತಿಯೇನೋ ಮರಣದ ಅನಂತರವೂ ಉಳಿಯಬಹುದು; ದೇಹದ ಕಥೆ ಮಾತ್ರ ಅಲ್ಲಿಗೆ ಮುಗಿಯಿತೆಂದೇ ನಾವು ತಿಳಿಯುತ್ತೇವೆ. ಈ ವಾಡಿಕೆಗೆ ಹೊರತಾದ ಒಂದು ಜೀವನವನ್ನು ನಮ್ಮ ಕಾಲೇಜಿನ ವಾಚಕರ ಮುಂದಿಡುವುದು ಈ ಲೇಖನದ ಉದ್ದೇಶ. ಜಾರ್ಜಿಯಾ ದೇಶದ ರಾಣಿ ಕೆತೆವಾನ್ 1624ರಲ್ಲಿ ಪಾರಸೀಕ ದೇಶದ ಶಿರಾಜ್ ನಗರದಲ್ಲಿ ಚಿತ್ರಹಿಂಸೆಗೆ ಗುರಿಯಾಗಿ ಮಡಿದಳು. ಆಕೆಯ ಅಸ್ಥಿಗಳಲ್ಲಿ ಕೆಲವು ಸಮುದ್ರ ದಾಟಿ ನಮ್ಮ ನೆರೆಯ ಗೋವೆಗೆ ಬಂದವು. ಅಲ್ಲಿ ಒಂದು ಕ್ರೈಸ್ತ ಮಠದ ಗೋಡೆಯಲ್ಲಿ ಇನ್ನೂರು ವರ್ಷಗಳ ಕಾಲ ಇದ್ದು, ಮಠ ಬಿದ್ದಾಗ ಮಣ್ಣಿನಲ್ಲಿ ಸೇರಿಹೋದವು. 2013ರಲ್ಲಿ ಹೈದರಾಬಾದಿನ ವಿಜ್ಞಾನಿಗಳು ಮೂಳೆಯ ಒಂದು ತುಂಡನ್ನು ಪರೀಕ್ಷಿಸಿ, ಅದು ಆಕೆಯದಾಗಿರುವ ಸಂಭವವಿದೆಯೆಂದು ಪ್ರಕಟಿಸಿದರು. ಹೀಗೆ ಆಕೆಯ ಚರಿತ್ರೆಯ ಕೊನೆಯ ಅಧ್ಯಾಯಗಳು ಆಕೆ ತೀರಿಕೊಂಡು ಸುಮಾರು ನಾಲ್ಕುನೂರು ವರ್ಷಗಳಾದ ಮೇಲೆ ಬರೆಯಲ್ಪಟ್ಟವು.

ಇತಿಹಾಸದ ವಿದ್ಯಾರ್ಥಿಗಳಾದ ನಮಗೆ ಷಾ ಅಬ್ಬಾಸನ ಹೆಸರು ಹೊಸದಲ್ಲ. ಜಹಾಂಗೀರ್ ಬಾದಷಹನ ಆಳ್ವಿಕೆಯ ಪಾಠದಲ್ಲಿ, 1622ರಲ್ಲಿ ಕಂದಹಾರವನ್ನು ಮೊಗಲರಿಂದ ಕಿತ್ತುಕೊಂಡ ಪಾರಸೀಕ ದೊರೆಯೆಂದು ಅವನು ಒಮ್ಮೆ ಬಂದುಹೋಗುತ್ತಾನೆ. ಅದೇ ವರ್ಷ ಆಂಗ್ಲರ ಹಡಗುಗಳ ನೆರವು ಪಡೆದು ಪೋರ್ಚುಗೀಸರಿಂದ ಹೋರ್ಮುಜ್ ದ್ವೀಪವನ್ನು ಕಿತ್ತುಕೊಂಡವನೂ ಅವನೇ. ಇಸ್ಫಹಾನ್ ನಗರವನ್ನು ಕಟ್ಟಿ ಬೆಳಗಿಸಿದ, ಕಲೆಗೂ ವ್ಯಾಪಾರಕ್ಕೂ ಆಶ್ರಯವಿತ್ತ ಸಮರ್ಥನಾದ ಚಕ್ರವರ್ತಿ ಅವನು. ಆದರೆ ಅವನ ರಾಜ್ಯದ ವಾಯವ್ಯ ಗಡಿಯಲ್ಲಿದ್ದ ಸಣ್ಣ ರಾಜ್ಯಗಳವರಿಗೆ ಅವನ ನೆನಪು ಬೇರೆಯೇ ಬಗೆಯದು.

ಕಾಕಸಸ್ ಪರ್ವತದ ದಕ್ಷಿಣಕ್ಕೆ, ಕಪ್ಪು ಸಮುದ್ರದ ಪೂರ್ವಕ್ಕೆ ಇರುವ ನಾಡು ಜಾರ್ಜಿಯಾ. ನಾಲ್ಕನೆಯ ಶತಮಾನದಲ್ಲಿಯೇ ಕ್ರೈಸ್ತಮತವನ್ನು ಸ್ವೀಕರಿಸಿದ ಈ ನಾಡು ಹದಿನಾರನೆಯ ಶತಮಾನದ ಹೊತ್ತಿಗೆ ಒಡೆದು ಹಲವು ರಾಜ್ಯಗಳಾಗಿತ್ತು. ಪಶ್ಚಿಮಕ್ಕೆ ತುರ್ಕರ ಒಟೊಮನ್ ಸಾಮ್ರಾಜ್ಯ, ದಕ್ಷಿಣಕ್ಕೆ ಪಾರಸೀಕರ ಸಫಾವಿ ಸಾಮ್ರಾಜ್ಯ. ಅತ್ತ ದರಿ, ಇತ್ತ ಪುಲಿ. 1555ರಲ್ಲಿ ಈ ಇಬ್ಬರು ಬಲಿಷ್ಠರು ಒಂದು ಒಪ್ಪಂದ ಮಾಡಿಕೊಂಡು ಜಾರ್ಜಿಯಾವನ್ನು ತಮ್ಮ ಪ್ರಭಾವಕ್ಷೇತ್ರಗಳಾಗಿ ಹಂಚಿಕೊಂಡರು. ಪೂರ್ವದ ಕಾಖೇತಿ ರಾಜ್ಯ ಪಾರಸೀಕರ ಪಾಲಿಗೆ ಬಂತು. ಇದರಿಂದ ಅಲ್ಲಿನ ರಾಜ ಯಾರಾಗಬೇಕೆಂಬ ಮಾತು ಬಂದಾಗಲೆಲ್ಲ ಪಾರಸೀಕ ಷಹನ ಒಪ್ಪಿಗೆ ಬೇಕಾಯಿತು. ರಾಜನ ಮಕ್ಕಳಲ್ಲಿ ಕೆಲವರು ಷಹನ ಆಸ್ಥಾನದಲ್ಲಿ ಒತ್ತೆಯಾಗಿ ಬೆಳೆಯಬೇಕಾಯಿತು.

ಕೆತೆವಾನ್ ಹುಟ್ಟಿದ್ದು ಹದಿನಾರನೆಯ ಶತಮಾನದ ಉತ್ತರಾರ್ಧದಲ್ಲಿ, ಮುಖ್ರಾನಿಯ ಬಗ್ರಾತಿ ರಾಜವಂಶದ ಶಾಖೆಯೊಂದರಲ್ಲಿ. ಕಾಖೇತಿಯ ರಾಜನಾದ ಎರಡನೆಯ ಅಲೆಕ್ಸಾಂಡರನ ಮಗ ದಾವೀದನಿಗೆ ಆಕೆಯನ್ನು ಕೊಟ್ಟು ಮದುವೆಯಾಯಿತು. 1589ರಲ್ಲಿ ಮಗ ತೆಯ್ಮುರಾಜ್ ಹುಟ್ಟಿದ. 1601ರಲ್ಲಿ ದಾವೀದನು ತಂದೆಯನ್ನು ಬದಿಗೊತ್ತಿ ಸಿಂಹಾಸನವನ್ನೇರಿದ. ಮರುವರ್ಷವೇ ತೀರಿಕೊಂಡ. ವೃದ್ಧ ಅಲೆಕ್ಸಾಂಡರ್ ಮತ್ತೆ ಪಟ್ಟಕ್ಕೆ ಬಂದ. ವಿಧವೆಯಾದ ಕೆತೆವಾನ್ ದಾನಧರ್ಮಗಳಲ್ಲಿಯೂ ದೇವಾಲಯಗಳ ಕೆಲಸದಲ್ಲಿಯೂ ತೊಡಗಿ ಕಾಲ ಕಳೆಯತೊಡಗಿದಳು. ರಾಜಕಾರಣ ತನ್ನನ್ನು ಇಲ್ಲಿಗೆ ಬಿಟ್ಟಿತೆಂದು ಆಕೆ ಭಾವಿಸಿದ್ದರೆ ಅದು ಸಹಜವೇ. ಆದರೆ ರಾಜಕಾರಣ ಬಿಡಲಿಲ್ಲ.

1605ರಲ್ಲಿ ಅಲೆಕ್ಸಾಂಡರನ ಇನ್ನೊಬ್ಬ ಮಗ ಕಾನ್‌ಸ್ಟಂಟೈನನು ಪಾರಸೀಕ ಸೈನ್ಯದೊಡನೆ ಕಾಖೇತಿಗೆ ಬಂದ. ಷಹನ ಆಸ್ಥಾನದಲ್ಲಿಯೇ ಬೆಳೆದು ಇಸ್ಲಾಂ ಮತವನ್ನು ಸ್ವೀಕರಿಸಿದ್ದ ಇವನು ಹೆತ್ತ ತಂದೆಯನ್ನೂ ಸಹೋದರನನ್ನೂ ಕೊಲ್ಲಿಸಿ ಪಟ್ಟವನ್ನು ಹಿಡಿದ. ಪಿತೃಹತ್ಯೆಯನ್ನು ಕಂಡು ನಾಡು ನಡುಗಿತು. ಆಗ ಸರದಾರರನ್ನು ಒಂದುಗೂಡಿಸಿದವಳು ಕೆತೆವಾನ್. ಅದೇ ವರ್ಷ ನಡೆದ ದಂಗೆಯಲ್ಲಿ ಕಾನ್‌ಸ್ಟಂಟೈನ್ ಹತನಾದ.

ಇಲ್ಲಿ ಆಕೆಯ ವಿವೇಕವನ್ನು ಗಮನಿಸಬೇಕು. ಗೆದ್ದ ಉತ್ಸಾಹದಲ್ಲಿ ಆಕೆ ಷಹನ ಮೇಲೆ ಕತ್ತಿ ಝಳಪಿಸಲಿಲ್ಲ. ಸಣ್ಣ ರಾಜ್ಯಕ್ಕೆ ದೊಡ್ಡ ರಾಜ್ಯದ ಹಗೆ ತಾಳದೆಂಬುದನ್ನು ಬಲ್ಲವಳಾಗಿ, ಪಾರಸೀಕ ಆಸ್ಥಾನದಲ್ಲಿದ್ದ ತನ್ನ ಮಗನನ್ನೇ ರಾಜನನ್ನಾಗಿ ಕಳುಹಿಸಿಕೊಡಬೇಕೆಂದು ಷಾ ಅಬ್ಬಾಸನೊಡನೆ ಸಂಧಾನ ನಡೆಸಿದಳು. ಷಹನಿಗೆ ಆಗ ತುರ್ಕರೊಡನೆ ಯುದ್ಧವಿತ್ತು, ಅವನು ಒಪ್ಪಿಕೊಂಡ. ಹದಿನಾರರ ಹುಡುಗ ತೆಯ್ಮುರಾಜ್ ಕಾಖೇತಿಯ ಅರಸನಾದ. ಮಗ ಪ್ರಾಯಕ್ಕೆ ಬರುವವರೆಗೂ ರಾಜ್ಯದ ಹೊಣೆಯನ್ನು ತಾಯಿ ಹೊತ್ತಳು.

ಈ ನೆಮ್ಮದಿ ಎಂಟು ವರ್ಷ ಮಾತ್ರ. ತುರ್ಕರೊಡನೆ ಶಾಂತಿಯಾದ ಮೇಲೆ ಷಹನ ದೃಷ್ಟಿ ಮತ್ತೆ ಕಾಖೇತಿಯ ಕಡೆಗೆ ತಿರುಗಿತು. 1614ರಲ್ಲಿ ದಂಡೆತ್ತಿ ಬರುವ ಸೂಚನೆ ಕಂಡಾಗ, ಅವನನ್ನು ಸಮಾಧಾನಪಡಿಸುವ ಕೊನೆಯ ಪ್ರಯತ್ನವಾಗಿ ತೆಯ್ಮುರಾಜನು ತನ್ನ ತಾಯಿಯನ್ನೂ ಇಬ್ಬರು ಗಂಡುಮಕ್ಕಳನ್ನೂ ಒತ್ತೆಯಾಗಿ ಒಪ್ಪಿಸಿದ. ಒತ್ತೆಯನ್ನು ತೆಗೆದುಕೊಂಡ ಷಹನು ದಂಡಯಾತ್ರೆಯನ್ನೇನೂ ನಿಲ್ಲಿಸಲಿಲ್ಲ. ಮುಂದಿನ ಮೂರು ವರ್ಷಗಳಲ್ಲಿ ಕಾಖೇತಿ ಹಾಳುಬಿತ್ತು. ಸಾವಿರಾರು ಜನ ಸತ್ತರು; ಅಳಿದುಳಿದವರಲ್ಲಿ ಬಹುಮಂದಿಯನ್ನು ಹಿಡಿದು ಪಾರಸೀಕದ ಒಳನಾಡಿಗೆ ಸಾಗಿಸಲಾಯಿತು. ಹಾಗೆ ಹೋದವರ ಸಂತತಿಯವರು ಇರಾನಿನ ಫೆರೇದಾನ್ ಪ್ರಾಂತದ ಹಳ್ಳಿಗಳಲ್ಲಿ ಇಂದಿಗೂ ಜಾರ್ಜಿಯನ್ ಭಾಷೆಯನ್ನು ಆಡುತ್ತಾರೆ. ಇಬ್ಬರು ಮೊಮ್ಮಕ್ಕಳನ್ನೂ ಅಜ್ಜಿಯಿಂದ ಅಗಲಿಸಿ ಅಂಗಚ್ಛೇದ ಮಾಡಿಸಲಾಯಿತು, ಇಬ್ಬರೂ ಉಳಿಯಲಿಲ್ಲ.

ಕೆತೆವಾನಳನ್ನು ಶಿರಾಜಿನಲ್ಲಿ ಸೆರೆಯಲ್ಲಿಟ್ಟರು. ಹೊರಟಾಗ ನಡುವಯಸ್ಸನ್ನು ದಾಟಿದ್ದ ಆಕೆ ಸೆರೆಯಲ್ಲಿಯೇ ಮುದುಕಿಯಾದಳು. ಶಿರಾಜಿನ ಅಧಿಪತಿ ಇಮಾಮ್ ಕುಲಿ ಖಾನನು ಮೂಲದಲ್ಲಿ ಜಾರ್ಜಿಯಾದ ಮನೆತನದವನೇ. ಹತ್ತು ವರ್ಷಗಳ ಅನಂತರ, 1624ರಲ್ಲಿ, ಷಹನ ಆಜ್ಞೆ ಬಂತು: ರಾಣಿ ತನ್ನ ಮತವನ್ನು ಬಿಟ್ಟು ಇಸ್ಲಾಮನ್ನು ಸ್ವೀಕರಿಸಬೇಕು, ಇಲ್ಲವೆಂದರೆ ಶಿಕ್ಷೆಗೆ ಸಿದ್ಧಳಾಗಬೇಕು. ಆಕೆ ಒಪ್ಪಲಿಲ್ಲ. ಆ ವರ್ಷದ ಸೆಪ್ಟೆಂಬರಿನಲ್ಲಿ ಕಾದ ಕಬ್ಬಿಣದ ಇಕ್ಕಳಗಳಿಂದ ಆಕೆಯನ್ನು ಹಿಂಸಿಸಿ ಕೊಂದರು. ಇದಕ್ಕಿಂತ ಹೆಚ್ಚಿನ ವಿವರವನ್ನು ಬರೆಯಲು ಮನಸ್ಸು ಬಾರದು.

ಇದನ್ನು ಎರಡು ಮತಗಳ ಜಗಳವೆಂದು ತಿಳಿಯುವುದು ಸರಿಯಲ್ಲವೆಂದು ನನ್ನ ಅಭಿಪ್ರಾಯ. ಇದೇ ಷಹನು ಇಸ್ಫಹಾನಿನ ಪಕ್ಕದಲ್ಲಿ ಆರ್ಮೇನಿಯನ್ ಕ್ರೈಸ್ತ ವರ್ತಕರಿಗಾಗಿ ಹೊಸ ಜುಲ್ಫಾ ಎಂಬ ಪೇಟೆಯನ್ನು ನೆಲೆಗೊಳಿಸಿ, ಅಲ್ಲಿ ಅವರು ಚರ್ಚುಗಳನ್ನು ಕಟ್ಟಿಕೊಳ್ಳಲು ಬಿಟ್ಟಿದ್ದ. ಪೋರ್ಚುಗೀಸ್ ಪಾದ್ರಿಗಳ ಮಠವೂ ಅವನ ರಾಜಧಾನಿಯಲ್ಲಿತ್ತು. ವ್ಯಾಪಾರ ಮಾಡುವ ಕ್ರೈಸ್ತರು ಅವನಿಗೆ ಬೇಕಾಗಿದ್ದರು. ತಲೆಬಾಗದ ಒಂದು ರಾಜ್ಯದ ರಾಜಮಾತೆಯನ್ನು ಬಾಗಿಸಬೇಕಾಗಿತ್ತು. ಸೆರೆಯಾಳಾದ ಮುದುಕಿಯೊಬ್ಬಳು ಇಲ್ಲವೆಂದದ್ದು ಚಕ್ರವರ್ತಿಗೆ ತಡೆಯಲಾರದ ಮಾತಾಯಿತು.

ಈ ಮರಣದ ಸುದ್ದಿ ಹೊರಜಗತ್ತಿಗೆ ತಲುಪಿದ್ದು ಶಿರಾಜಿನಲ್ಲಿದ್ದ ಅಗಸ್ಟೀನ್ ಪಂಥದ ಪೋರ್ಚುಗೀಸ್ ಪಾದ್ರಿಗಳಿಂದ. ಅವರು ನಡೆದುದನ್ನು ಬರೆದಿಟ್ಟರು. ಅಷ್ಟೇ ಅಲ್ಲದೆ ಗುಟ್ಟಾಗಿ ಆಕೆಯ ಅಸ್ಥಿಗಳನ್ನು ತೆಗೆದು ಕಾಪಾಡಿದರು. ಅವುಗಳಲ್ಲಿ ಒಂದು ಪಾಲು ಜಾರ್ಜಿಯಾಕ್ಕೆ, ಮಗನ ಕೈಗೆ ಸೇರಿತು. ಇನ್ನೊಂದು ಪಾಲು 1627ರಲ್ಲಿ ಅವರ ಪೂರ್ವದೇಶದ ರಾಜಧಾನಿಯಾದ ಗೋವೆಗೆ ಬಂತು. ತೆಯ್ಮುರಾಜನು ಕವಿಯಾಗಿದ್ದ, ತಾಯಿಯ ಬಲಿದಾನವನ್ನು ಕುರಿತು 1625ರಲ್ಲಿ ಒಂದು ಕಾವ್ಯವನ್ನು ರಚಿಸಿದ. ಜಾರ್ಜಿಯಾದ ಚರ್ಚು ಆಕೆಯನ್ನು ಸಂತಳೆಂದು ಸಾರಿತು. ಜರ್ಮನಿಯ ಕವಿ ಆಂಡ್ರಿಯಾಸ್ ಗ್ರಿಫಿಯುಸ್ ಆಕೆಯನ್ನು ಕುರಿತು ಒಂದು ದುರಂತ ನಾಟಕವನ್ನೇ ಬರೆದ. ಲಿಸ್ಬನ್ ನಗರದ ಗ್ರಾಸಾ ಮಠದಲ್ಲಿ ಆಕೆಯ ಮರಣವನ್ನು ನೀಲಿ ಹೆಂಚಿನ ಚಿತ್ರದಲ್ಲಿ ತೋರಿಸಿದ್ದಾರೆ. ಹೀಗೆ ಹೆಸರು ನಾಲ್ಕು ದಿಕ್ಕಿಗೆ ಹರಡಿತು. ಗೋವೆಗೆ ಬಂದ ಅಸ್ಥಿಗಳು ಮಾತ್ರ ಕ್ರಮೇಣ ಮರೆವಿಗೆ ಸಂದವು.

ಗೋವೆ 1510ರವರೆಗೆ ಬಿಜಾಪುರದ ಆದಿಲಶಾಹಿಗಳ ವಶದಲ್ಲಿದ್ದುದು ನಮಗೆ ತಿಳಿದಿದೆ. ರಾಣಿಯ ಅಸ್ಥಿಗಳು ಬಂದ 1627ನೆಯ ವರ್ಷವೇ ಬಿಜಾಪುರದಲ್ಲಿ ಎರಡನೆಯ ಇಬ್ರಾಹಿಂ ಆದಿಲಶಹನು ತೀರಿಕೊಂಡ. ಅವನ ಗೋರಿಯ ಮೇಲೆ ಇಬ್ರಾಹಿಂ ರೋಜಾ ಇಂದಿಗೂ ನಿಂತಿದೆ. ಅವನ ಅಸ್ಥಿ ಎಲ್ಲಿದೆಯೆಂದು ಯಾರೂ ಕೇಳಬೇಕಾಗಿಲ್ಲ. ಕೆತೆವಾನಳ ಪಾಲಿಗೆ ಅಂತಹ ಭದ್ರತೆ ಇರಲಿಲ್ಲ. ಹಳೆಯ ಗೋವೆಯ ಗುಡ್ಡದ ಮೇಲೆ ಅಗಸ್ಟೀನ್ ಪಂಥದವರ ಮಠವಿತ್ತು. ಅದರ ಚರ್ಚನ್ನು ಕಟ್ಟಿದ್ದು 1597ರಿಂದ 1602ರವರೆಗೆ. ಆ ಮಠದ ಸಭಾಮಂದಿರದ ಒಂದು ಕಿಟಕಿಯ ಬಳಿ, ಕಲ್ಲಿನ ಪೆಟ್ಟಿಗೆಯಲ್ಲಿ ರಾಣಿಯ ಕೈಯ ಮೂಳೆಗಳನ್ನು ಇಟ್ಟಿದ್ದರೆಂದು ಪೋರ್ಚುಗೀಸ್ ಕಾಗದಪತ್ರಗಳು ಹೇಳುತ್ತವೆ. 1835ರಲ್ಲಿ ಪೋರ್ಚುಗೀಸ್ ಸರಕಾರ ಮಠಗಳನ್ನೆಲ್ಲ ಮುಚ್ಚಿಸಿದಾಗ ಪಾದ್ರಿಗಳು ಹೊರಟುಹೋದರು. ನೋಡಿಕೊಳ್ಳುವವರಿಲ್ಲದೆ 1842ರಲ್ಲಿ ಚರ್ಚಿನ ಕಮಾನು ಛಾವಣಿ ಕುಸಿಯಿತು. ಅಲ್ಲಿನ ದೊಡ್ಡ ಗಂಟೆಯನ್ನು 1871ರಲ್ಲಿ ಪಣಜಿಯ ಚರ್ಚಿಗೆ ಒಯ್ದರು. 1931ರಲ್ಲಿ ಮುಂಭಾಗವೂ ಗೋಪುರದ ಅರ್ಧಭಾಗವೂ ಬಿದ್ದವು.

ನಮ್ಮ ಇತಿಹಾಸ ವಿಭಾಗದ ಪ್ರವಾಸದಲ್ಲಿ ಈ ಸ್ಥಳವನ್ನು ನಾನು ನೋಡಿದ್ದೇನೆ. 46 ಮೀಟರ್ ಎತ್ತರವಿದ್ದ ಗೋಪುರದ ಒಂದು ಸೀಳು ಮಾತ್ರ ಜಂಬಿಟ್ಟಿಗೆಯ ಕೆಂಪಿನಲ್ಲಿ ಆಕಾಶಕ್ಕೆ ನಿಂತಿದೆ. ಕೆಳಗೆ ನೆಲಗಟ್ಟಿನ ತುಂಬ ಗೋರಿಕಲ್ಲುಗಳು. ಅವುಗಳ ಮೇಲೆ ಹೆಸರುಗಳು, ಮನೆತನದ ಲಾಂಛನಗಳು. ಜೊತೆಯವರು ಬಸ್ಸಿನ ಕಡೆಗೆ ಹೊರಟ ಮೇಲೂ ನಾನು ಸ್ವಲ್ಪ ಹೊತ್ತು ಅಲ್ಲಿ ನಿಂತಿದ್ದೆ. ಇಷ್ಟು ಹೆಸರುಗಳನ್ನು ಕಲ್ಲಿನಲ್ಲಿ ಕೊರೆದಿರುವ ಜಾಗದಲ್ಲಿ, ಲೋಕಪ್ರಸಿದ್ಧಳಾದ ಒಬ್ಬ ರಾಣಿಯ ಮೂಳೆ ಹೆಸರಿಲ್ಲದೆ ಹುಡಿಮಣ್ಣಿನಲ್ಲಿ ಬಿದ್ದಿತ್ತೆಂಬುದು ವಿಚಿತ್ರವಾಗಿ ತೋರಿತು.

ಜಾರ್ಜಿಯಾದವರು ಆಕೆಯನ್ನು ಮರೆತಿರಲಿಲ್ಲ. ಆ ದೇಶ ಸೋವಿಯತ್ ಒಕ್ಕೂಟದಲ್ಲಿದ್ದ ಕೊನೆಯ ದಿನಗಳಲ್ಲಿ, 1989ರಿಂದಲೇ, ಅಲ್ಲಿನ ತಂಡಗಳು ಗೋವೆಗೆ ಬಂದು ನಮ್ಮ ಪುರಾತತ್ತ್ವ ಇಲಾಖೆಯೊಡನೆ ಕೂಡಿ ಹುಡುಕತೊಡಗಿದವು. ಆದರೆ ಬಿದ್ದ ಮಠದ ಯಾವ ಕೋಣೆ ಸಭಾಮಂದಿರ, ಯಾವುದು ಆ ಕಿಟಕಿ ಎಂದು ತಿಳಿಯುವುದೇ ಕಷ್ಟವಾಯಿತು. ಹಳೆಯ ಪೋರ್ಚುಗೀಸ್ ಬರಹಗಳ ವರ್ಣನೆಯನ್ನು ನೆಲದ ಮೇಲಿನ ಪಾಯದ ಗುರುತುಗಳಿಗೆ ಹೊಂದಿಸಿ ನೋಡುತ್ತ, 2004ರಲ್ಲಿ ಇಲಾಖೆಯವರು ಆ ಸ್ಥಳವನ್ನು ಗೊತ್ತುಮಾಡಿದರು. ಅಲ್ಲಿನ ಅಗೆತದಲ್ಲಿ ಕೈಯ ಉದ್ದನೆಯ ಮೂಳೆಯೊಂದರ ತುಂಡು ದೊರೆಯಿತು. ಬೇರೆ ಎರಡು ಅಸ್ಥಿಗಳೂ ಸಿಕ್ಕವು. ಹುಡುಕಿದವರಿಗೆ ಸಂತೋಷವಾದುದು ಸಹಜ. ಆದರೆ ಮಠವೆಂದ ಮೇಲೆ ಅಲ್ಲಿ ಸತ್ತವರೂ ಹೂಳಿಸಿಕೊಂಡವರೂ ನೂರಾರು ಮಂದಿ. ಈ ತುಂಡು ರಾಣಿಯದೆಂದು ಹೇಳುವುದು ಹೇಗೆ?

ಇಲ್ಲಿ ಹೈದರಾಬಾದಿನ ಕೋಶೀಯ ಮತ್ತು ಅಣುಜೀವವಿಜ್ಞಾನ ಕೇಂದ್ರದ ಪಾತ್ರ ಆರಂಭವಾಗುತ್ತದೆ. ಡಾ. ತಂಗರಾಜ್, ನೀರಜ್ ರೈ ಮುಂತಾದ ವಿಜ್ಞಾನಿಗಳು ಈ ಮೂಳೆಗಳಿಂದ ಡಿ.ಎನ್.ಎ. ತೆಗೆಯುವ ಕೆಲಸವನ್ನು ಕೈಗೊಂಡರು. ವಿಜ್ಞಾನದ ವಿದ್ಯಾರ್ಥಿಯಲ್ಲದ ನಾನು ಇದನ್ನು ಅರ್ಥಮಾಡಿಕೊಂಡ ರೀತಿಯಲ್ಲಿಯೇ ಹೇಳುತ್ತೇನೆ.

ನಮ್ಮ ದೇಹದ ಪ್ರತಿಯೊಂದು ಜೀವಕೋಶದ ನಡುವಿನ ಬೀಜಕೇಂದ್ರದಲ್ಲಿ ತಂದೆತಾಯಿಗಳಿಬ್ಬರಿಂದಲೂ ಬಂದ ಡಿ.ಎನ್.ಎ. ಇರುತ್ತದೆ. ಇದಲ್ಲದೆ ಕೋಶದೊಳಗೆ ಮೈಟೊಕಾಂಡ್ರಿಯ ಎಂಬ ಸಣ್ಣ ಸಣ್ಣ ಕಣಗಳಿದ್ದು, ಅವುಗಳಲ್ಲಿ ಬೇರೆಯೇ ಆದ ಒಂದು ಪುಟ್ಟ ಡಿ.ಎನ್.ಎ. ಇರುತ್ತದೆ. ಸುಮಾರು 16,500 ಅಕ್ಷರಗಳ ಒಂದು ಕಿರುಹೊತ್ತಿಗೆ ಎನ್ನಬಹುದು. ಇದು ಬರುವುದು ತಾಯಿಯಿಂದ ಮಾತ್ರ. ತಾಯಿಯಿಂದ ಗಂಡುಮಕ್ಕಳಿಗೂ ಹೆಣ್ಣುಮಕ್ಕಳಿಗೂ ಬರುತ್ತದೆ. ಮುಂದಿನ ತಲೆಮಾರಿಗೆ ದಾಟಿಸುವವರು ಹೆಣ್ಣುಮಕ್ಕಳು ಮಾತ್ರ. ಬೀಜಕೇಂದ್ರದ ಡಿ.ಎನ್.ಎ.ಗೆ ಒಂದು ಕೋಶದಲ್ಲಿ ಎರಡು ಪ್ರತಿಗಳಿದ್ದರೆ ಇದಕ್ಕೆ ನೂರಾರು, ಕೆಲವೊಮ್ಮೆ ಸಾವಿರಾರು ಪ್ರತಿಗಳಿರುತ್ತವೆ. ಗೋವೆಯ ಸೆಕೆ ಮತ್ತು ಮಳೆಯಲ್ಲಿ ಶತಮಾನಗಳ ಕಾಲ ನೆನೆದ ಮೂಳೆಯಲ್ಲಿ ಡಿ.ಎನ್.ಎ. ಮುರಿದು ಚೂರುಚೂರಾಗಿ ಬಹುಭಾಗ ನಾಶವಾಗಿರುತ್ತದೆ. ಪ್ರತಿಗಳು ಹೆಚ್ಚಿದ್ದಷ್ಟೂ ಏನಾದರೂ ಉಳಿದಿರುವ ಸಂಭವ ಹೆಚ್ಚು. ಆದುದರಿಂದಲೇ ಹಳೆಯ ಅಸ್ಥಿಗಳ ವಿಷಯದಲ್ಲಿ ತಾಯಿಯ ಈ ಗುರುತನ್ನೇ ಮೊದಲು ಹುಡುಕುತ್ತಾರೆ.

ಕನ್ನಡವನ್ನು ಐಚ್ಛಿಕವಾಗಿ ತೆಗೆದುಕೊಂಡ ಸಹಪಾಠಿಗಳಿಗೆ ಗ್ರಂಥಸಂಪಾದನೆಯ ಪಾಠ ನೆನಪಿರಬಹುದು. ಲಿಪಿಕಾರನೊಬ್ಬ ಓಲೆಯ ಮೇಲೆ ಕಾವ್ಯವನ್ನು ಪ್ರತಿಮಾಡುವಾಗ ಒಂದಕ್ಷರ ಬದಲಾದರೆ, ಆ ಪ್ರತಿಯನ್ನು ನೋಡಿ ಬರೆದ ಪ್ರತಿಗಳಲ್ಲೆಲ್ಲ ಅದೇ ಪಾಠಾಂತರ ಉಳಿದು ಬರುತ್ತದೆ. ಸಮಾನವಾದ ಪಾಠಾಂತರಗಳನ್ನು ನೋಡಿ ಯಾವ ಯಾವ ಓಲೆಪ್ರತಿಗಳು ಒಂದೇ ಮೂಲದಿಂದ ಬಂದವೆಂದು ಪಂಡಿತರು ಗುಂಪು ಮಾಡುತ್ತಾರೆ. ತಾಯಿಯಿಂದ ಮಗಳಿಗೆ ದಾಟುವ ಡಿ.ಎನ್.ಎ.ಯಲ್ಲಿಯೂ ಹೀಗೆಯೇ ಸಾವಿರಾರು ವರ್ಷಗಳಲ್ಲಿ ಒಂದೊಂದು ಅಕ್ಷರ ಬದಲಾಗಿರುತ್ತದೆ. ಅವುಗಳನ್ನು ನೋಡಿ ವಿಜ್ಞಾನಿಗಳು ಜಗತ್ತಿನ ಜನರನ್ನು ತಾಯಿಯ ಸಾಲುಗಳ ಗುಂಪುಗಳಾಗಿ ವಿಂಗಡಿಸಿದ್ದಾರೆ. ಯಾವ ಗುಂಪು ಯಾವ ಪ್ರದೇಶದಲ್ಲಿ ಹೆಚ್ಚು, ಯಾವುದು ಎಲ್ಲಿ ಇಲ್ಲ ಎಂಬುದೂ ತಿಳಿದಿದೆ.

ಈ ಕೆಲಸದಲ್ಲಿ ದೊಡ್ಡ ಅಪಾಯವೆಂದರೆ ಬೆರಕೆ. ಅಗೆದವನ ಬೆವರು, ಮುಟ್ಟಿದವನ ಬೆರಳು, ಪರೀಕ್ಷಿಸುವವನ ಉಸಿರು, ಇವುಗಳಿಂದ ಈಗಿನ ಮನುಷ್ಯರ ಡಿ.ಎನ್.ಎ. ಹಳೆಯ ಮೂಳೆಗೆ ಹತ್ತಿಕೊಳ್ಳಬಹುದು. ಆದ್ದರಿಂದ ಇಂತಹ ಪರೀಕ್ಷೆಯನ್ನು ಪ್ರತ್ಯೇಕವಾದ ಶುದ್ಧ ಕೊಠಡಿಯಲ್ಲಿ, ಮೈಯೆಲ್ಲ ಮುಚ್ಚಿಕೊಂಡು ಮಾಡುತ್ತಾರೆ. ಮೂಳೆಯ ಮೇಲ್ಪದರವನ್ನು ಕೆರೆದು ತೆಗೆದು, ಒಳಭಾಗವನ್ನು ಪುಡಿಮಾಡಿ, ಆ ಪುಡಿಯಿಂದ ಡಿ.ಎನ್.ಎ.ಯನ್ನು ಬೇರ್ಪಡಿಸುತ್ತಾರೆ.

ಫಲಿತಾಂಶ ಹೀಗಿತ್ತು. ಮೂರು ಅಸ್ಥಿಗಳಲ್ಲಿ ಎರಡರ ತಾಯಿಸಾಲು ನಮ್ಮ ದಕ್ಷಿಣ ಏಷ್ಯಾದ ಜನರಲ್ಲಿ ಕಾಣುವಂಥದು. ಕೈಯ ಮೂಳೆಯ ತುಂಡಿನದು ಮಾತ್ರ ಯು-1-ಬಿ ಎಂಬ ಬೇರೆಯ ಗುಂಪು. ಭಾರತ ಉಪಖಂಡದ 22,000ಕ್ಕೂ ಮಿಕ್ಕ ಜನರ ಮಾದರಿಗಳಲ್ಲಿ ಒಂದರಲ್ಲಿಯೂ ಈ ಗುಂಪು ಕಂಡಿರಲಿಲ್ಲ. ಜಾರ್ಜಿಯಾದ 30 ಜನರ ಮಾದರಿಗಳನ್ನು ನೋಡಿದಾಗ ಇಬ್ಬರಲ್ಲಿ ಅದು ಕಂಡಿತು. ಒಂದೇ ಮಠದ ಮಣ್ಣಿನಿಂದ ಬಂದ ಮೂರು ಮೂಳೆಗಳು ಹೀಗೆ ಬೇರೆ ಬೇರೆ ಮಾತು ಹೇಳಿದ್ದೇ ಪರೀಕ್ಷೆಯ ಬೆಲೆಯನ್ನು ಹೆಚ್ಚಿಸಿತು. ಮೂರರಲ್ಲಿಯೂ ಒಂದೇ ಗುರುತು ಕಂಡಿದ್ದರೆ ಬೆರಕೆಯ ಸಂದೇಹಕ್ಕೆ ಎಡೆಯಾಗುತ್ತಿತ್ತು.

ಹಾಗಾದರೆ ಇದು ರಾಣಿಯ ಮೂಳೆಯೆಂದು ಸಿದ್ಧವಾಯಿತೆ? ವಿಜ್ಞಾನಿಗಳು ಹಾಗೆ ಬರೆಯಲಿಲ್ಲ. ಬಹುಶಃ ಆಕೆಯದು ಎಂದು ಬರೆದರು. ಈ ಬಹುಶಃ ಎಂಬ ಮಾತಿನ ಬೆಲೆಯನ್ನು ನಾವು ತಿಳಿಯಬೇಕು. 1918ರಲ್ಲಿ ಕೊಲೆಯಾದ ರಷ್ಯಾದ ಕೊನೆಯ ಚಕ್ರವರ್ತಿಯ ಕುಟುಂಬದ ಅಸ್ಥಿಗಳನ್ನು 1991ರಲ್ಲಿ ಹೊರತೆಗೆದಾಗ, ಮಹಾರಾಣಿಯ ಗುರುತನ್ನು ಹೋಲಿಸಿ ನೋಡಲು ಆಕೆಯ ತಾಯಿಯ ಸಾಲಿನ ಸಂಬಂಧಿಯೊಬ್ಬರು ಬದುಕಿದ್ದರು. ಅವರು ಇಂಗ್ಲೆಂಡಿನ ರಾಣಿ ಎಲಿಜಬೆತ್ತಳ ಪತಿ ಫಿಲಿಪ್. 1485ರಲ್ಲಿ ರಣರಂಗದಲ್ಲಿ ಬಿದ್ದ ಇಂಗ್ಲೆಂಡಿನ ಮೂರನೆಯ ರಿಚರ್ಡ್ ದೊರೆಯ ಅಸ್ಥಿಪಂಜರ 2012ರಲ್ಲಿ ಲೆಸ್ಟರ್ ನಗರದ ವಾಹನ ನಿಲ್ದಾಣವೊಂದರ ಕೆಳಗೆ ಸಿಕ್ಕಾಗ, ಅವನ ಅಕ್ಕನ ಹೆಣ್ಣುಸಾಲಿನಲ್ಲಿ ಬಂದ ಸಂತತಿಯವರನ್ನು ಹುಡುಕಿ ಹೋಲಿಸಿದರು. ಕೆತೆವಾನಳ ವಿಷಯದಲ್ಲಿ ಅಂತಹ ನೇರ ಹೋಲಿಕೆ ಇರಲಿಲ್ಲ. ಯು-1-ಬಿ ಗುಂಪಿನವರು ಜಾರ್ಜಿಯಾದಲ್ಲಿಯೂ ಅದರ ಸುತ್ತಲೂ ಅನೇಕರಿದ್ದಾರೆ. ಗೋವೆ ಆ ಕಾಲದಲ್ಲಿ ಹಲವು ದೇಶದ ವರ್ತಕರು ಬಂದುಹೋಗುವ ಬಂದರು. ಕಾಕಸಸ್ ಕಡೆಯ ಬೇರೊಬ್ಬರು ಅಲ್ಲಿ ತೀರಿಕೊಂಡಿರಬಾರದೆಂದೇನಿಲ್ಲ. ಡಿ.ಎನ್.ಎ. ಹೇಳುವುದು ತಾಯಿಯ ಸಾಲನ್ನು, ಹೆಸರನ್ನಲ್ಲ.

ಆದರೆ ಮೂರು ಸಾಕ್ಷಿಗಳನ್ನು ಒಟ್ಟಿಗೆ ಇಟ್ಟು ನೋಡಿ. ಇಂಥ ಕೋಣೆಯ ಇಂಥ ಕಿಟಕಿಯ ಬಳಿ ಜಾರ್ಜಿಯಾದ ರಾಣಿಯ ಕೈಮೂಳೆ ಇದೆಯೆಂದು ಕಾಗದ ಹೇಳಿತು. ಆ ಸ್ಥಳದಲ್ಲಿ ಗುದ್ದಲಿಗೆ ಕೈಮೂಳೆಯೇ ಸಿಕ್ಕಿತು. ಆ ಮೂಳೆಯ ತಾಯಿಸಾಲು ಈ ದೇಶದ್ದಲ್ಲ, ಜಾರ್ಜಿಯಾದ ಕಡೆಯದು ಎಂದು ಪ್ರಯೋಗಶಾಲೆ ಹೇಳಿತು. ಒಂದೊಂದೇ ಆಗಿದ್ದರೆ ಯಾವುದೂ ಸಾಲದು. ಬರಿಯ ಕಾಗದ ದಂತಕಥೆಯಾಗುತ್ತಿತ್ತು, ಬರಿಯ ಮೂಳೆ ಅನಾಮಧೇಯವಾಗಿ ಉಳಿಯುತ್ತಿತ್ತು, ಬರಿಯ ಡಿ.ಎನ್.ಎ. ಒಂದು ಪ್ರದೇಶವನ್ನು ತೋರಿಸಿ ಸುಮ್ಮನಾಗುತ್ತಿತ್ತು. ಮೂರೂ ಒಂದೇ ಕಡೆಗೆ ಬೆರಳು ತೋರಿಸಿದ್ದರಿಂದ ಬಹುಶಃ ಎಂಬ ಮಾತಿಗೆ ಬಲ ಬಂತು. ಸುದ್ದಿಯಾಗಿ ಹರಡುವಾಗ ಈ ಎಚ್ಚರದ ಮಾತು ಕಳಚಿಬೀಳುವುದುಂಟು. ಚರಿತ್ರೆಯನ್ನು ಓದುವ ನಾವಾದರೂ ಅದನ್ನು ಕಾಪಾಡಬೇಕು. ಒಂದು ದೇಶವೇ ಹೌದೆಂಬ ಉತ್ತರಕ್ಕಾಗಿ ಕಾಯುತ್ತಿದ್ದಾಗ, ಸಾಕ್ಷಿ ಹೇಳಿದಷ್ಟನ್ನೇ ಬರೆದು ನಿಲ್ಲಿಸುವುದು ಸಣ್ಣ ಪ್ರಾಮಾಣಿಕತೆಯಲ್ಲ.

ಜಾರ್ಜಿಯಾದ ಜನ ಆ ಮೂಳೆಯನ್ನು ತಮ್ಮ ರಾಣಿಯದೆಂದೇ ಬರಮಾಡಿಕೊಂಡರು. 2017ರಲ್ಲಿ ಭಾರತ ಸರಕಾರ ಅದನ್ನು ಆ ದೇಶಕ್ಕೆ ಕೆಲಕಾಲದ ಮಟ್ಟಿಗೆ ಕಳುಹಿಸಿತು. ಆರು ತಿಂಗಳಿಗೆಂದು ಹೋದದ್ದು ಅವರ ಕೋರಿಕೆಯ ಮೇಲೆ ಒಂದು ವರ್ಷ ಅಲ್ಲಿತ್ತು. 2021ರ ಜುಲೈ ತಿಂಗಳಲ್ಲಿ ವಿದೇಶಾಂಗ ಸಚಿವ ಜೈಶಂಕರ್ ಅವರು ಟಿಬಿಲಿಸಿ ನಗರಕ್ಕೆ ಹೋಗಿ, ಅಸ್ಥಿಯ ಒಂದು ಭಾಗವನ್ನು ಶಾಶ್ವತವಾಗಿ ಆ ದೇಶಕ್ಕೆ ಒಪ್ಪಿಸಿದರು. 1614ರಲ್ಲಿ ಒತ್ತೆಯಾಗಿ ಹೊರಟವಳು 407 ವರ್ಷಗಳ ಅನಂತರ, ಇಷ್ಟಾದರೂ ರೂಪದಲ್ಲಿ, ಗೋವೆಯ ದಾರಿಯಾಗಿ ಮನೆಗೆ ಮರಳಿದಳೆಂದು ಅಲ್ಲಿನವರು ಭಾವಿಸಿದರು. ಬಹುಶಃ ಎಂಬ ಮಾತನ್ನು ಬಿಡದೆಯೂ ನಾವು ಅವರ ಸಂತೋಷದಲ್ಲಿ ಪಾಲುಗೊಳ್ಳಬಹುದು.

ಇದನ್ನೆಲ್ಲ ಓದಿದ ಮೇಲೆ ನನ್ನ ಮನಸ್ಸು ಬೇರೊಂದು ಕಡೆಗೂ ಹರಿಯಿತು. ನಮ್ಮ ಮನೆಯಲ್ಲಿ ಕಾಲೇಜಿನ ಮೆಟ್ಟಿಲು ಹತ್ತಿದವಳು ನಾನೇ ಮೊದಲು. ನಮ್ಮ ತಂದೆಯ ಕಡೆಯ ಹಿರಿಯರ ಹೆಸರುಗಳನ್ನು ಐದಾರು ತಲೆಮಾರಿನವರೆಗೆ ಹೆಳವರು ಬಂದಾಗ ಓದಿ ಹೇಳುತ್ತಾರೆ. ತಾಯಿಯ ತಾಯಿಯ ಹೆಸರು ನನಗೆ ಗೊತ್ತು. ಅವಳ ತಾಯಿಯ ಹೆಸರೇನೆಂದು ಅವ್ವನನ್ನು ಕೇಳಿದೆ. ಎಲ್ಲರೂ ದೊಡ್ಡವ್ವ ಎಂದೇ ಕರೆಯುತ್ತಿದ್ದರು, ಹೆಸರು ಯಾರಿಗೂ ನೆನಪಿಲ್ಲ ಎಂದಳು. ಅದರ ಹಿಂದಿನವರ ಮಾತಂತೂ ಬೇಡ. ಆದರೆ ಅವರೆಲ್ಲರೂ ಒಬ್ಬರಿಂದೊಬ್ಬರಿಗೆ ದಾಟಿಸಿದ ಆ ಕಿರುಹೊತ್ತಿಗೆ ನನ್ನ ಮೈಯಲ್ಲಿದೆ. ಹೆಸರು ಅಳಿದಿದೆ, ಅಕ್ಷರ ಉಳಿದಿದೆ. ರಾಣಿಗಾದರೋ ಎರಡೂ ಇದ್ದವು. ಅವನ್ನು ಕೂಡಿಸುವ ಕೆಲಸವಷ್ಟೇ ಬಾಕಿಯಿತ್ತು.

ಕೂಡಿಸಿದ್ದು ಯಾರು ಎಂಬುದನ್ನು ನಾವು ಮರೆಯಬಾರದು. ಸತ್ತ ಸೆರೆಯಾಳಿನ ವಿಷಯವನ್ನು ಬರೆದಿಟ್ಟ ಪಾದ್ರಿಗಳು, ಹದಿನೈದು ವರ್ಷ ಬಿಡದೆ ಕೇಳುತ್ತ ಬಂದ ಒಂದು ದೇಶದ ಜನ, ಅಗೆದವರು, ಪುಡಿಯಷ್ಟು ಮೂಳೆಯನ್ನು ತಾಳ್ಮೆಯಿಂದ ಪರೀಕ್ಷಿಸಿದವರು. ಇವರಲ್ಲಿ ಒಬ್ಬರು ಇಲ್ಲದಿದ್ದರೂ ಆ ಮೂಳೆ ಇಂದಿಗೂ ಗುಡ್ಡದ ಮಣ್ಣಿನಲ್ಲಿರುತ್ತಿತ್ತು. ನಮ್ಮ ಪತ್ರಿಕೆಗಳ ಮೂಲೆಯಲ್ಲಿ ಅಪರಿಚಿತ ಶವ ಪತ್ತೆ ಎಂಬ ನಾಲ್ಕು ಸಾಲಿನ ಸುದ್ದಿಯನ್ನು ಎಲ್ಲರೂ ಓದಿದ್ದೇವೆ. ಅಂಗಿಯ ಬಣ್ಣ, ಎತ್ತರ, ಅಂದಾಜು ವಯಸ್ಸು. ವಾರಸುದಾರರು ಠಾಣೆಯನ್ನು ಸಂಪರ್ಕಿಸಬೇಕೆಂಬ ಕೋರಿಕೆ. ಅಂಥವರಿಗೂ ಒಬ್ಬ ತಾಯಿ ಇದ್ದಳು. ಎಲ್ಲಿಯೋ ಒಂದು ಮನೆಯಲ್ಲಿ ಯಾರೋ ಕಾಯುತ್ತಿರುತ್ತಾರೆ. ರಾಣಿಯ ಮೂಳೆಗೆ ಹೆಸರನ್ನು ಹುಡುಕಿಕೊಟ್ಟ ವಿದ್ಯೆ ಅವರ ಪಾಲಿಗೂ ಒದಗಬಲ್ಲದು. ಒಂದು ಚೂರು ಮೂಳೆಯನ್ನು ಜೋಪಾನವಾಗಿ ಎತ್ತಿಡುವವರು ಇರಬೇಕು. ಹೋಲಿಸಿ ನೋಡಲು ಕಾಣೆಯಾದವರ ತಾಯಿಯನ್ನೋ ತಂಗಿಯನ್ನೋ ಹುಡುಕಿ ಕೇಳುವವರು ಇರಬೇಕು. ಕೇಳುವವರು ಇದ್ದರೆ ಮೂಳೆ ಉತ್ತರ ಹೇಳುತ್ತದೆ. ಕೆತೆವಾನಳ ಜೀವನದಿಂದ ಧೈರ್ಯವನ್ನು ಕಲಿಯಬಹುದೆಂದು ಆಕೆಯ ದೇಶದವರು ಹೇಳುತ್ತಾರೆ, ಅದು ನಿಜ. ಆಕೆಯ ಮರಣಾನಂತರದ ಕಥೆಯಿಂದ ನಾವು ಕಲಿಯಬೇಕಾದದ್ದು ಸತ್ತವರನ್ನು ಕುರಿತು ಕೇಳುವುದನ್ನು ಬಿಡಬಾರದೆಂಬುದನ್ನು.